ಹಬ್ಬದ ಮಾಂಸ ಮತ್ತು ಮಾರುವವರ ಮನಸ್ಸಾಕ್ಷಿ



ಕ್ರಿಸ್ತಜಯಂತಿ ಹತ್ತಿರವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮ್ಮ ಮನೆಗಳಲ್ಲಿ ಕೋಳಿ, ಕುರಿಮಾಂಸದ ಮಾತು ಏಳುತ್ತದೆ. ಜೊತೆಗೆ ಒಂದು ಭಯವೂ: "ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡತಾರಂತ, ಖರೇನೇನ್ರೀ?"

ಈ ಭಯ ತಪ್ಪು ಕಡೆಗೆ ತಿರುಗಿದೆ. ಬ್ರಾಯ್ಲರ್ ಕೋಳಿ ಐದಾರು ವಾರಗಳಲ್ಲಿ ಸುಮಾರು ಎರಡು ಕಿಲೊ ತೂಗುವುದು ತಳಿಯ ಆಯ್ಕೆಯಿಂದ, ಮೇವಿನಿಂದ. ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವುದು ಯಾರಿಗೂ ಗಿಟ್ಟದು. ನಾವು ಕೇಳಬೇಕಾದ ಪ್ರಶ್ನೆ ಆಂಟಿಬಯೋಟಿಕ್ ಔಷಧಿಗಳದು. ರೋಗವಿಲ್ಲದಿದ್ದರೂ ಮೇವಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ಬೆರೆಸಿದರೆ ತೂಕ ಬೇಗ ಏರುತ್ತದೆ. ಆದರೆ ರೋಗಾಣುಗಳು ಆ ಔಷಧಿಗೆ ಒಗ್ಗಿಕೊಳ್ಳುತ್ತವೆ. ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ಅದೇ ಔಷಧಿ ನಾಟದೇ ಹೋಗಬಹುದು. ಕೊಲಿಸ್ಟಿನ್ ಎಂಬುದು ಆಸ್ಪತ್ರೆಗಳಲ್ಲಿ ಬೇರೆಲ್ಲ ಔಷಧಿ ಸೋತ ಮೇಲೆ ಕೊಡುವ ಔಷಧಿ. ಅದನ್ನು ಕೋಳಿಮೇವಿಗೆ ಬೆರೆಸುತ್ತಿದ್ದರು! ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಯೂರೋಪ್ ಒಕ್ಕೂಟವು ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸುವುದನ್ನು 2006ರಲ್ಲೇ ನಿಲ್ಲಿಸಿತ್ತು.

ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ. ಔಷಧಿಯ ಶೇಷ ಮಾತ್ರ ಪೂರ್ತಿ ಹೋಗುವುದಿಲ್ಲ. 1990ರಲ್ಲಿ ಸ್ಪೇನಿನಲ್ಲಿ, ಮಾಂಸ ಹೆಚ್ಚಿಸಲು ಕೊಟ್ಟ ಕ್ಲೆನ್‌ಬ್ಯುಟೆರಾಲ್ ಉಳಿದಿದ್ದ ದನದ ಲಿವರ್ ತಿಂದ ನೂರಕ್ಕೂ ಹೆಚ್ಚು ಜನ ನಡುಕ, ಎದೆಬಡಿತದಿಂದ ನರಳಿದರು.

ನಮ್ಮಲ್ಲಿ ಕೊಳ್ಳುವವರಷ್ಟೇ ಅಲ್ಲ, ಆಡು-ಕುರಿ, ಎಮ್ಮೆ ಸಾಕುವವರೂ ಇದ್ದಾರೆ. ಅವರಿಗೇ ಈ ಮಾತು ಹೆಚ್ಚು. ಇಂಜೆಕ್ಷನ್ ಕೊಟ್ಟ ಆಡು ಉಳಿಯಲಾರದೆಂದು ತಿಳಿದ ಕೂಡಲೇ ಸಂತೆಗೆ ಹೊಡೆಯುವುದು ಹಳೆಯ ಚಾಳಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕೊಯ್ಯಬಾರದು, ಎಷ್ಟು ದಿನ ಹಾಲು ಮಾರಬಾರದು ಎಂಬುದು ಸಾಮಾನ್ಯವಾಗಿ ಔಷಧಿಯ ಚೀಟಿಯಲ್ಲಿಯೇ ಇರುತ್ತದೆ. ಓದಲು ಬಾರದಿದ್ದರೆ ದನದ ಡಾಕ್ಟರರನ್ನು ಕೇಳಿರಿ. ಕೆಚ್ಚಲು ಬಾವಿಗೆ ಔಷಧಿ ಹಾಕಿದ ಎಮ್ಮೆಯ ಹಾಲು ಹೆಪ್ಪು ಹಾಕಿದರೂ ಸರಿಯಾಗಿ ಮೊಸರಾಗದಿರುವುದನ್ನು ನಮ್ಮ ತಾಯಂದಿರು ಬಲ್ಲರು. ಮನೆಯ ಮಕ್ಕಳಿಗೆ ಕೊಡದ ಆ ಹಾಲನ್ನು ಡೇರಿಗೆ ಹಾಕುವುದು ಯಾವ ನ್ಯಾಯ? ದೇವರ ಐದನೆಯ ಕಟ್ಟಳೆಯೂ ಏಳನೆಯದೂ ಇಲ್ಲಿ ಒಟ್ಟಿಗೆ ಮುರಿಯುತ್ತವೆ: ನೆರೆಯವನ ಆರೋಗ್ಯಕ್ಕೂ ಹಾನಿ, ಅವನ ಹಣಕ್ಕೂ ಮೋಸ. ಪಾಪನಿವೇದನೆಗೆ ಸಿದ್ಧರಾಗುವಾಗ ಇದನ್ನು ನೆನೆಯುವವರು ಕಡಿಮೆ.

ಕೊಳ್ಳುವವರಿಗೆ ಒಂದೆರಡು ಮಾತು. ತೀರ ಅಗ್ಗಕ್ಕೆ ಬಂದ ಮಾಂಸದ ಮೂಲ ವಿಚಾರಿಸಿರಿ. ಹಸಿ ಮಾಂಸ ಕೊಯ್ದ ಈಳಿಗೆ, ಹಲಗೆಯನ್ನು ಸೋಪು ಹಚ್ಚಿ ತೊಳೆಯದೆ ಅದರ ಮೇಲೆ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಬೇಡಿರಿ. ಜ್ವರ ಬಂದಾಗ ಚೀಟಿಯಿಲ್ಲದೆ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗುವುದನ್ನೂ ಬಿಡಿರಿ. ರೋಗಾಣುವಿಗೆ ಫಾರಂ ಯಾವುದು, ಮನೆ ಯಾವುದು ಎಂಬ ಭೇದವಿಲ್ಲ.