ದೂರದ ಮಹಾಗಣಕ

ವಿಟ್ಲದ ಅಡಿಕೆ ತೋಟಗಳಿಗೆ ಮಳೆಗಾಲವು ವರವೂ ಹೌದು, ಭಯವೂ ಹೌದು. ಮಳೆ ಬಿಡದೆ ಸುರಿದರೆ ಕೊಳೆರೋಗ ತಗಲಿ ಎಳೆಯ ಕಾಯಿಗಳು ಉದುರುತ್ತವೆ. ಮಳೆಯ ನಡೆಯನ್ನು ಮುಂದಾಗಿ ಅರಿಯಲು ಅಸಂಖ್ಯ ಲೆಕ್ಕಗಳನ್ನು ಮಾಡಬೇಕು. ಅದು ಮನೆಯ ಕಂಪ್ಯೂಟರಿನ ಶಕ್ತಿಗೆ ಮೀರಿದ ಕಾರ್ಯ.

ಇಂತಹ ಕಾರ್ಯಗಳಿಗಾಗಿಯೇ ಮಹಾಗಣಕಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಎಂದರೆ, 1ರ ಮುಂದೆ 15 ಸೊನ್ನೆಗಳನ್ನಿಟ್ಟಷ್ಟು ಲೆಕ್ಕಗಳು ಒಂದೇ ಸೆಕೆಂಡಿಗೆ! ಅದು ಒಂಟಿ ಯಂತ್ರವಲ್ಲ. ನೂರಾರು ಗಣಕಗಳನ್ನು ಹೆಣೆದ ಸಮೂಹ.

ಅದನ್ನು ಬಳಸಲು ಅನುಮತಿ ಪಡೆದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ವಿಟ್ಲದ ಮನೆಗೆ ಬಂದಿರುವಳೆಂದು ಇಟ್ಟುಕೊಳ್ಳಬಹುದು. ಆಕೆಯ ಕೆಲಸ ನಿಲ್ಲಬೇಕೆ? ಬೇಕಿಲ್ಲ. ‘ವಿಷುವಲ್ ಸ್ಟುಡಿಯೋ ಕೋಡ್’ ಎಂಬ ಸಂಪಾದಕ ತಂತ್ರಾಂಶಕ್ಕೆ 2019ರಲ್ಲಿ ದೂರದ ಯಂತ್ರದೊಡನೆ ಕೆಲಸ ಮಾಡುವ ಸೌಲಭ್ಯ ಸೇರಿತು. ಅದರ ಒಂದು ಭಾಗ ಮನೆಯ ಯಂತ್ರದಲ್ಲಿಯೂ ಇನ್ನೊಂದು ಭಾಗ ದೂರದ ಯಂತ್ರದಲ್ಲಿಯೂ ನೆಲೆಸುತ್ತದೆ. ಅಕ್ಷರಗಳು ಅವಳ ಪರದೆಯ ಮೇಲೆ ಮೂಡುತ್ತವೆ; ಕಡತವು ಬೆಂಗಳೂರಿನಲ್ಲಿಯೇ ಉಳಿಯುತ್ತದೆ.

ಈ ಎರಡು ಯಂತ್ರಗಳ ನಡುವಣ ಮಾತು ಗುಟ್ಟಾಗಿರಬೇಕು. ಫಿನ್‌ಲೆಂಡಿನ ತಾತು ಯೂಲೋನೆನ್ 1995ರಲ್ಲಿ ರೂಪಿಸಿದ ‘ಎಸ್‌ಎಸ್‌ಎಚ್’ ಎಂಬ ವಿಧಾನ ಇದನ್ನು ಸಾಧಿಸುತ್ತದೆ. ವಿದ್ಯಾರ್ಥಿನಿಯು ಮೊದಲು ಒಂದು ಜೋಡಿ ಕೀಲಿಗಳನ್ನು ಸಿದ್ಧಪಡಿಸುತ್ತಾಳೆ. ಬಹಿರಂಗ ಕೀಲಿಯನ್ನು ದೂರದ ಯಂತ್ರದಲ್ಲಿ ಇಡಬೇಕು. ಖಾಸಗಿ ಕೀಲಿಯನ್ನು ಯಾರಿಗೂ ಕೊಡಲಾಗದು. ಬಳಿಕ ಯಂತ್ರದ ವಿಳಾಸ, ತನ್ನ ಬಳಕೆಯ ಹೆಸರು, ಕೀಲಿ ಇರುವ ಜಾಗ ಇವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಸಂಪರ್ಕದ ಸಿದ್ಧತೆ ಮುಗಿಯಿತು.

ಆದರೆ ಒಳಹೊಕ್ಕವರು ಮೊದಲು ತಲಪುವುದು ಪ್ರವೇಶ ಗಣಕವನ್ನು. ಅದು ಮನೆಯ ಜಗಲಿಯಂತೆ, ಬಂದವರೆಲ್ಲರೂ ಕಾಲಿಡುವ ಸ್ಥಳ. ಒಬ್ಬರೇ ಜಗಲಿಯ ತುಂಬ ಅಡಿಕೆ ಹರಡಿ ಸುಲಿಯಲು ಕುಳಿತರೆ ಉಳಿದವರಿಗೆ ದಾರಿಯೆಲ್ಲಿ? ಭಾರವಾದ ಲೆಕ್ಕವನ್ನು ಅಲ್ಲಿಯೇ ನಡೆಸಿದರೆ ಎಲ್ಲರ ಕೆಲಸವೂ ಕುಂಟುತ್ತದೆ. ಆದುದರಿಂದ ಎಷ್ಟು ಗಣಕಗಳು, ಎಷ್ಟು ಹೊತ್ತು ಬೇಕೆಂದು ಸರದಿಯನ್ನು ನೋಡಿಕೊಳ್ಳುವ ತಂತ್ರಾಂಶಕ್ಕೆ ಕೋರಿಕೆ ಸಲ್ಲಿಸಬೇಕು. ಸರದಿ ಬಂದಾಗ ಒಳಗಿನ ಗಣಕಗಳು ದುಡಿಯುತ್ತವೆ. ಕೆಲಸ ಮುಗಿದ ಮೇಲೆ ಸಂಪಾದಕದ ದೂರದ ಭಾಗವನ್ನು ಮುಚ್ಚಿಬರುವುದೂ ಬಳಸುವವರ ಕರ್ತವ್ಯ.

ಗಾಳಿಮಳೆಗೆ ವಿಟ್ಲದಲ್ಲಿ ವಿದ್ಯುತ್ ಕಡಿದುಹೋದರೂ ಸರದಿಗೆ ಸೇರಿದ ಲೆಕ್ಕ ಬೆಂಗಳೂರಿನಲ್ಲಿ ನಿಲ್ಲದೆ ಸಾಗುತ್ತದೆ. ದೂರವು ಈಗ ವಿದ್ಯೆಗೆ ತಡೆಯಾಗಿಲ್ಲ. ಆದರೆ ಹಲವರಿಗೆ ಸೇರಿದ ಸಂಪತ್ತನ್ನು ತನ್ನ ಸರದಿಗೆ ಕಾದು ಬಳಸುವ ಸಂಯಮವನ್ನು ಯಾವ ಯಂತ್ರವೂ ಕಲಿಸದು. ಅದನ್ನು ಮನುಷ್ಯನೇ ರೂಢಿಸಿಕೊಳ್ಳಬೇಕು.