ಅನ್ನದ ಮೇಲಿನ ಬಾವುಟ

ಹಸಿದ ಮಗುವಿಗೆ ಸ್ವದೇಶ, ಪರದೇಶ ಎಂಬ ಭೇದವಿಲ್ಲ. ಸ್ವಂತ ಊರಿನಲ್ಲಾದರೆ ಅಜ್ಜಿಯ ಮನೆಯೋ ನೆರೆಯವರ ಮನೆಯೋ ಹತ್ತಿರದಲ್ಲಿರುತ್ತದೆ. ಮಗು ಅತ್ತಾಗ ಒಂದು ಹಿಡಿ ಅನ್ನಕ್ಕೆ ಮೊಸರು ಕಲಸಿ ತಿನ್ನಿಸುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಪರದೇಶದಲ್ಲಿ ಸಂಸಾರ ಹೂಡಿದವರಿಗೆ ಅಂಥ ಆಸರೆಯಿಲ್ಲ. ಮನೆಯಿಂದ ಹೊರಗೆ ಹೊರಟ ದಿನ ಅವರಿಗೆ ಹೋಟೆಲೇ ಗತಿ. ಅಲ್ಲಿಯ ಭಾಷೆ ತಿಳಿಯದು, ತಿನಿಸುಗಳ ಹೆಸರು ತಿಳಿಯದು. ಮಗುವಾದರೋ ಕಾಯುವುದನ್ನೇ ಅರಿಯದು.

ಜಪಾನಿನ ರಾಜಧಾನಿಯಾದ ಟೋಕಿಯೋ ನಗರದ ಪೂರ್ವಭಾಗದಲ್ಲಿ ನಿಶಿಕಸಾಯ್ ಎಂಬ ಬಡಾವಣೆಯಿದೆ. 2000ನೆಯ ವರ್ಷದ ಆಸುಪಾಸಿನಿಂದ ಕಂಪ್ಯೂಟರ್ ಉದ್ಯೋಗಕ್ಕಾಗಿ ಬಂದ ಭಾರತೀಯರು ಅಲ್ಲಿ ಹೆಚ್ಚಾಗಿ ನೆಲೆಸಿದ್ದಾರೆ. ಅಂಥ ಬಡಾವಣೆಗೆ ಹೊಸದಾಗಿ ಬಂದ ಕನ್ನಡ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ತಂದೆ, ತಾಯಿ, ಐದು ವರ್ಷದ ಮಗಳು, ಎರಡು ವರ್ಷದ ಮಗ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಭಾನುವಾರ ಊರು ನೋಡಲು ಹೊರಟವರಿಗೆ ಮಧ್ಯಾಹ್ನವಾಗಿದೆ; ಕಟ್ಟಿಕೊಂಡು ಬಂದಿದ್ದ ಚಪಾತಿ ರೈಲಿನಿಂದ ಇಳಿದು ಕುಳಿತಲ್ಲೇ ಮುಗಿದಿದೆ.

ಅವರು ಒಂದು ಹೋಟೆಲಿನ ಮುಂದೆ ನಿಲ್ಲುತ್ತಾರೆ. ಬಾಗಿಲ ಪಕ್ಕದ ಗಾಜಿನ ಕಪಾಟಿನಲ್ಲಿ ಅನ್ನ, ಸಾರು, ಶಾವಿಗೆ, ಹಣ್ಣಿನ ತಟ್ಟೆಗಳು ಸಾಲಾಗಿವೆ. ಆದರೆ ಅವುಗಳಿಂದ ಹಬೆ ಏಳುವುದಿಲ್ಲ, ಅವುಗಳ ಮೇಲೆ ನೊಣ ಕೂರುವುದಿಲ್ಲ. ಏಕೆಂದರೆ ಅವೆಲ್ಲ ಬೊಂಬೆ ತಿನಿಸುಗಳು. 1932ರಲ್ಲಿ ಇವಾಸಾಕಿ ತಾಕಿಜೋ ಎಂಬಾತನು ಓಸಾಕಾ ನಗರದಲ್ಲಿ ಮೇಣದ ತಿನಿಸುಗಳನ್ನು ತಯಾರಿಸಿ ಹೋಟೆಲುಗಳಿಗೆ ಒದಗಿಸುವ ಉದ್ಯಮವನ್ನು ಆರಂಭಿಸಿದನು. ಈಗ ಮೇಣದ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿದೆ. ಓದು ಬಾರದ ಮಗಳೂ ಜಪಾನೀ ಅಕ್ಷರ ಬಾರದ ತಂದೆಯೂ ಆ ಗಾಜಿನ ಮುಂದೆ ಸರಿಸಮಾನರು. ಬೆರಳು ತೋರಿಸಿದರೆ ಸಾಕು.

ಮಗಳ ಬೆರಳು ಒಂದೇ ತಟ್ಟೆಯ ಕಡೆಗೆ ನೆಟ್ಟಿತ್ತು. ಅದರಲ್ಲಿ ಅನ್ನವನ್ನು ಪುಟ್ಟ ಬೆಟ್ಟದಂತೆ ಗುಪ್ಪೆ ಮಾಡಿ, ಅದರ ತುದಿಯಲ್ಲಿ ಕಾಗದದ ಬಾವುಟವನ್ನು ನೆಟ್ಟಿದ್ದರು.

ಈ ತಟ್ಟೆಗೊಂದು ಇತಿಹಾಸವುಂಟು. 1930ರ ಡಿಸೆಂಬರಿನಲ್ಲಿ, ಜಪಾನು ಆರ್ಥಿಕ ಮುಗ್ಗಟ್ಟಿನಿಂದ ಬಳಲುತ್ತಿದ್ದಾಗ, ಟೋಕಿಯೋದ ನಿಹೊಂಬಾಶಿಯಲ್ಲಿರುವ ಮಿತ್ಸುಕೋಶಿ ಎಂಬ ದೊಡ್ಡ ಅಂಗಡಿಯ ಭೋಜನಶಾಲೆಯಲ್ಲಿ ಮಕ್ಕಳಿಗಾಗಿಯೇ ಇಂಥ ತಟ್ಟೆಯನ್ನು ಬಡಿಸತೊಡಗಿದರು. ಅನ್ನಕ್ಕೆ ಫ್ಯೂಜಿ ಪರ್ವತದ ಆಕಾರ, ಶಿಖರದಲ್ಲಿ ಬಾವುಟ, ಸುತ್ತಲೂ ಬಗೆಬಗೆಯ ತಿನಿಸು. ಇದು ಇಂದು ‘ಒಕೊಸಾಮಾ ರಾಂಚಿ’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ‘ಒಕೊಸಾಮಾ’ ಎಂಬುದು ಮಗುವನ್ನು ಗೌರವದಿಂದ ಹೇಳುವ ಮಾತು; ‘ಮಗುವಿನವರು’ ಎಂದಂತೆ. ದೊಡ್ಡವರ ಊಟದಲ್ಲಿ ಒಂದು ಪಾಲನ್ನು ಮಗುವಿಗೆ ಕೊಡುವುದು ಬೇರೆ, ಮಗುವಿಗಾಗಿಯೇ ಒಂದು ಊಟವನ್ನು ಯೋಚಿಸುವುದು ಬೇರೆ. ನಮ್ಮ ಹೋಟೆಲುಗಳಲ್ಲಿ ಮಗುವಿನ ಪಾಲಿಗೆ ಬರುವುದು ಬಹುಮಟ್ಟಿಗೆ ಅಪ್ಪನ ಮಸಾಲೆ ದೋಸೆಯ ಖಾರವಿಲ್ಲದ ಅಂಚು!

ಒಳಗೆ ಹೋದೊಡನೆ ಬಡಿಸುವ ಹುಡುಗಿಯು ತಣ್ಣೀರನ್ನೂ ಕೈ ಒರೆಸಿಕೊಳ್ಳಲು ಒದ್ದೆಬಟ್ಟೆಯನ್ನೂ ತಂದಿಟ್ಟಳು. ಚಿಕ್ಕವನಿಗೆ ಎತ್ತರದ ಪುಟ್ಟ ಕುರ್ಚಿಯೂ ಒಡೆಯದ ಬಟ್ಟಲೂ ಕೇಳದೆಯೇ ಬಂದವು. ಕೆಲವು ಹೋಟೆಲುಗಳಲ್ಲಿ ಪಾದರಕ್ಷೆ ಕಳಚಿ ಚಾಪೆ ಹಾಸಿದ ಜಗಲಿಯ ಮೇಲೆ ಕುಳಿತುಣ್ಣುವ ವ್ಯವಸ್ಥೆಯುಂಟು. ಎಳೆಗೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದಾದ್ದರಿಂದ ತಾಯಂದಿರಿಗೆ ಅದು ಬಲು ಅನುಕೂಲ. ಹಿಂದೆ ಅನೇಕ ಕಡೆ ಹೊಗೆಬತ್ತಿಯ ಕಾಟವಿತ್ತು. 2020ರ ಏಪ್ರಿಲಿನಿಂದ ಪೂರ್ಣವಾಗಿ ಜಾರಿಗೆ ಬಂದ ಕಾಯಿದೆಯು ಅದನ್ನು ಬಹಳಷ್ಟು ತಗ್ಗಿಸಿದೆ.

ಆದರೆ ಬಾವುಟದ ತಟ್ಟೆಯಲ್ಲಿ ಮಾಂಸದ ಬಿಲ್ಲೆಯೂ ಕರಿದ ಸೀಗಡಿಯೂ ಇದ್ದವು. ತಾಯಿಯು ತಿಳಿಸಾರಿನಲ್ಲಿ ತೇಲುವ ಶಾವಿಗೆಯ ಚಿತ್ರವನ್ನು ತೋರಿಸಿ, “ಪುಟ್ಟೀ, ಇದು ಬೇಡವೇನೆ?” ಎಂದಳು.

“ಅದರಲ್ಲಿ ಮೀನು ಇಲ್ಲವೇನಮ್ಮ?” ಎಂದು ಮಗಳು ಕೇಳಿದಳು.

ಕಣ್ಣಿಗೆ ಕಾಣುವಂತೆ ಇರಲಿಲ್ಲ. ಆದರೆ ಜಪಾನಿನ ಅಡುಗೆಯ ಜೀವಾಳವಾದ ‘ದಾಶಿ’ ಎಂಬ ತಿಳಿಸಾರನ್ನು, ಹೊಗೆಯಾಡಿಸಿ ಮರದ ತುಂಡಿನಂತೆ ಒಣಗಿಸಿದ ಮೀನಿನ ಹೆರೆಯಿಂದ ತೆಗೆಯುವುದು ಸಾಮಾನ್ಯ. ಬೌದ್ಧ ವಿಹಾರಗಳ ಶೋಜಿನ್ ಅಡುಗೆಯಲ್ಲಿ ಮಾತ್ರ ಕಡಲಪಾಚಿ, ಅಣಬೆಗಳಿಂದಲೇ ಆ ಸಾರನ್ನು ಮಾಡುತ್ತಾರೆ. ಪರದೇಶದಲ್ಲಿರುವ ತಂದೆತಾಯಿಗಳಿಗೆ ಇದು ಸಣ್ಣ ಪರೀಕ್ಷೆಯಲ್ಲ. “ಇಲ್ಲ, ತಿನ್ನು” ಎಂದುಬಿಟ್ಟರೆ ಹಸಿವೇನೋ ಅಡಗುತ್ತದೆ. ಆದರೆ ಮಗು ಕೇಳಿದ್ದು ನಿಜವನ್ನು. ಮುಂದೊಂದು ದಿನ ಅದಕ್ಕೆ ನಿಜ ತಿಳಿದಾಗ, ಕೆಡುವುದು ಒಂದು ಹೊತ್ತಿನ ಊಟವಷ್ಟೇ ಅಲ್ಲ. ತಂದೆಯು ಹುಡುಗಿಯನ್ನು ಕರೆದು ಕೇಳಿದನು. ಅವಳು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಎರಡು ಕೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಹಿಡಿದು ತೋರಿಸಿದಳು. ‘ಆಗದು’ ಎಂಬುದಕ್ಕೆ ಜಪಾನೀಯರ ಸನ್ನೆ ಅದು. ಮಗಳಿಗೆ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ.

ಕೊನೆಗೆ ಬಿಳಿಯ ಅನ್ನ, ಕರಿದ ಆಲೂಗಡ್ಡೆ, ಬೇಯಿಸಿದ ಹಸಿ ಸೋಯಾ ಕಾಯಿ ಬಂದವು. ಮಗಳ ಕಣ್ಣು ಮಾತ್ರ ಪಕ್ಕದ ಮೇಜಿನ ಬಾವುಟದ ಮೇಲೆಯೇ ಇತ್ತು. ಅದನ್ನು ಕಂಡ ಬಡಿಸುವ ಹುಡುಗಿಯು ಒಳಗೆ ಹೋಗಿ ಒಂದು ಬಾವುಟವನ್ನು ತಂದು ಅವಳ ಅನ್ನದ ಮೇಲೆ ನೆಟ್ಟಳು.

ಮಗುವಿನ ಸಂಭ್ರಮಕ್ಕೆ ಪಾರವೇ ಇಲ್ಲ. ಒಂದು ಬಾವುಟ ಇಷ್ಟು ಚೆನ್ನಾಗಿದ್ದರೆ ಇನ್ನೂ ಎರಡಿದ್ದರೆ ಹೇಗೆ ಎಂದುಕೊಂಡು ಅವಳು ಊಟದ ಕಡ್ಡಿಗಳೆರಡನ್ನೂ ಅದರ ಪಕ್ಕದಲ್ಲಿಯೇ ನೆಟ್ಟಗೆ ಚುಚ್ಚಿದಳು. ಪಕ್ಕದ ಮೇಜಿನ ಅಜ್ಜಿಯೊಬ್ಬರು ಬೆಚ್ಚಿದರು. ಜಪಾನಿನಲ್ಲಿ ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ ಇಡುವುದು ಸತ್ತವರ ಮುಂದೆ. ಹಾಗೆಯೇ ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸುವುದೂ ನಿಷಿದ್ಧ. ಶವದಹನದ ತರುವಾಯ ಅಸ್ಥಿಯನ್ನು ಆರಿಸುವ ಕ್ರಮವದು. ಅಪರಕ್ರಿಯೆಯ ನೆನಪು ಊಟದೆಲೆಯ ಮುಂದೆ ಬರಬಾರದೆಂಬ ಭಾವ ನಮ್ಮವರಿಗೂ ಹೊಸದಲ್ಲ. ತಾಯಿಗೆ ಈ ಸಂಗತಿ ತಿಳಿಯದಿದ್ದರೂ ಅಜ್ಜಿಯ ಮುಖ ತಿಳಿಯಿತು. ಅವಳು ಮಗಳನ್ನು ಗದರಿಸದೆ ಕಡ್ಡಿಗಳನ್ನು ಮೆಲ್ಲನೆ ತೆಗೆದು ಅಡ್ಡಲಾಗಿ ಇಟ್ಟಳು. ಅಜ್ಜಿ ತಲೆ ಬಾಗಿಸಿ ನಕ್ಕರು.

ಅಷ್ಟರಲ್ಲಿ ಚಿಕ್ಕವನು ರಾಗ ತೆಗೆದನು. ಇಂಥ ಹೊತ್ತಿನಲ್ಲಿ ಮಗುವಿನ ಕೈಗೆ ಫೋನನ್ನು ಕೊಟ್ಟು ಬಾಯಿ ಮುಚ್ಚಿಸುವುದು ಈಗ ಎಲ್ಲ ದೇಶಗಳಲ್ಲಿಯೂ ಕಾಣುವ ಸುಲಭೋಪಾಯ. ಹಾಗೆ ಸುಮ್ಮನಾದ ಮಗು ಏನನ್ನು ತಿಂದೆನೆಂಬುದನ್ನೇ ಅರಿಯದು. ಈ ತಂದೆಯು ಮಗನನ್ನು ಎತ್ತಿಕೊಂಡು ಹೊರಗೆ ಹೋಗಿ ಬೊಂಬೆ ತಿನಿಸುಗಳ ಮುಂದೆ ನಿಂತನು. ಅವನು ಮರಳುವ ವೇಳೆಗೆ ಅನ್ನ ಆರಿತ್ತು. ಅವನು ಉಣ್ಣುವಾಗ ಮಗನನ್ನು ತೂಗುವ ಸರದಿ ತಾಯಿಯದು.

ಹಣ ತೆತ್ತಾಗ ಉಳಿದ ಚಿಲ್ಲರೆಯನ್ನು ತಂದೆಯು ಮೇಜಿನ ಮೇಲೆ ಬಿಟ್ಟನು. ಹುಡುಗಿಯು ಅದನ್ನು ಎರಡು ಕೈಗಳಲ್ಲಿ ಹಿಡಿದು ತಂದು ಹಿಂದಿರುಗಿಸಿದಳು. ಭಕ್ಷೀಸು ಕೊಡುವ ರೂಢಿ ಆ ದೇಶದಲ್ಲಿ ಇಲ್ಲ. ತಂದೆ ಏನು ಹೇಳಬೇಕೆಂದು ತೋಚದೆ ನಿಂತಿರುವಾಗ ಮಗಳು ಗಟ್ಟಿಯಾಗಿ, “ಗೊಚಿಸೋಸಾಮಾ” ಎಂದಳು. ಉಂಡೆದ್ದವರು ಉಣಿಸಿದವರಿಗೆ ಹೇಳುವ ಕೃತಜ್ಞತೆಯ ಮಾತು ಅದು. ಶಿಶುವಿಹಾರದಲ್ಲಿ ದಿನವೂ ಹೇಳಿ ಅವಳಿಗೆ ರೂಢಿಯಾಗಿತ್ತು. ಅಡುಗೆಮನೆಯ ಒಳಗಿನಿಂದ ಯಾರೋ ಅದಕ್ಕೆ ಉತ್ತರ ಕೊಟ್ಟರು. “ಹಾಗೆಂದರೇನೆ?” ಎಂದು ತಂದೆ ಮಗಳನ್ನು ಕೇಳಿದನು.

ಬೀದಿಗೆ ಇಳಿದಾಗ ಚಿಕ್ಕವನು ಅಕ್ಕನ ಕೈಯಲ್ಲಿದ್ದ ಬಾವುಟವನ್ನು ಕಂಡು, ಅದು ತನಗೇ ಬೇಕೆಂದು ಹಟ ಹಿಡಿದನು. ರೈಲು ಬರುವವರೆಗೂ ಆ ವ್ಯಾಜ್ಯ ತೀರಲಿಲ್ಲ.