ಉಗ್ರಾಣದ ಸಾಲಕ್ಕೆ ಯೋಜನಾ ಸಾರಾಂಶವನ್ನು ಬರೆಯುವ ಕ್ರಮ

ಉಗ್ರಾಣ ಕಟ್ಟಲು ಜಮೀನುದಾರರು ಬ್ಯಾಂಕಿಗೆ ಸಲ್ಲಿಸುವ ಯೋಜನಾಪತ್ರದಲ್ಲಿ ಸಾರಾಂಶವು ಮೊದಲನೆಯ ಪುಟವಾದರೂ ಅದನ್ನು ಕಡೆಯಲ್ಲಿಯೇ ಬರೆಯತಕ್ಕದ್ದು. ಲೆಕ್ಕವು ಇತ್ಯರ್ಥವಾಗದೆ ಸಾರವೆಲ್ಲಿಂದ ಬಂದೀತು? ಕಟ್ಟಡದ ಅಳತೆ, ಒಟ್ಟು ವೆಚ್ಚ, ಸ್ವಂತ ಹಣ, ಬೇಕಾದ ಸಾಲ, ಇವು ನಾಲ್ಕು ಪಂಕ್ತಿಗಳಲ್ಲಿ ಮುಗಿಯಲಿ. ವಂಶದ ಹಿರಿಮೆಯು ಅನಾವಶ್ಯಕ. ಸಾಲವು ತೀರುವ ಬಗೆಯನ್ನು ಮಾತ್ರ ವಿಸ್ತರಿಸಿ ಹೇಳಬೇಕು: ಯಾವ ತಿಂಗಳಲ್ಲಿ ಎಷ್ಟು ಮೂಟೆ ರಾಗಿ ಬಂದೀತು, ಮೂಟೆಗೆ ಬಾಡಿಗೆಯೆಷ್ಟು, ಮಳೆ ತಪ್ಪಿ ಉಗ್ರಾಣವು ಅರ್ಧ ಬರಿದಾದರೆ ಕಂತನ್ನು ಯಾವ ವರಮಾನದಿಂದ ಕಟ್ಟುವಿರಿ? ಜಮೀನನ್ನು ಅಡವಿಡುವವರಿಗೆ ಈ ಉತ್ತರವು ಬ್ಯಾಂಕಿಗಿಂತಲೂ ಹೆಚ್ಚು ಅಗತ್ಯವಾದುದು. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ, 7 ವರ್ಷ ಮೀರದಂತೆ, ಶೇಕಡಾ 3ರ ಬಡ್ಡಿ ರಿಯಾಯಿತಿಯು ನಿಗದಿಯಾಯಿತು; 20 ಲಕ್ಷದ ಸಾಲಕ್ಕೆ ಮೊದಲ ವರ್ಷ ಸುಮಾರು 60,000 ರೂಪಾಯಿ. ಅಂತಹ ರಿಯಾಯಿತಿಯು ಮಂಜೂರಾಗಿದ್ದರೆ ಅದನ್ನು ಆದಾಯವೆಂದು ಕಾಣಿಸದೆ, ಬಡ್ಡಿಯಲ್ಲಿ ಕಳೆದು ತೋರಿಸಿರಿ.